ವಿಮಾನಕ್ಕೊಂದು ಠೀವಿಯ ರೈಲು

ವಿಮಾನ ಹತ್ತುವವರಿಗೆಂದೇ ಕೇರಳದಲ್ಲೊಂದು ದುಬಾರಿ ಎಕ್ಸ್‌ಪ್ರೆಸ್ ರೈಲು ಬೇಕೆಂದು ನಮ್ಮ ಭಾವನವರ ಹಟ. ದೆಹಲಿಗಿದೆಯಲ್ಲ!

ತಿರುವನಂತಪುರದಲ್ಲಿ ಸೆಂಟ್ರಲ್ ಸ್ಟೇಷನ್ನಿನಿಂದ ವಿಮಾನ ನಿಲ್ದಾಣಕ್ಕೆ ಐದಾರು ಕಿಲೋಮೀಟರ್. ರೈಲು ವೇಗ ಹಿಡಿಯುವಷ್ಟರಲ್ಲಿ ಬ್ರೇಕ್ ಹಾಕಬೇಕು. ಆಟೋದವನ ಜೊತೆ ಚೌಕಾಸಿಗೇ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ವರ್ಷಕ್ಕೆರಡು ಸಲ ಪದ್ಮನಾಭಸ್ವಾಮಿ ಆರಾಟ್ಟು ಎಂಬ ಪುಣ್ಯಸ್ನಾನಕ್ಕೆಂದು ಶಂಖುಮುಖಂ ಕಡಲಿಗೆ ಹೊರಟರೆ ಮೆರವಣಿಗೆ ರನ್‌ವೇ ಮೇಲೇ ಸಾಗುತ್ತದೆ. ವಿಮಾನಗಳು ಗಂಟೆಗಟ್ಟಲೆ ತೆಪ್ಪಗಿರುತ್ತವೆ. ಸ್ವಾಮಿಗೇ ಇಲ್ಲದ ಅವಸರ ಭಾವನಿಗೇಕೆ?

ಕೊಚ್ಚಿಯದು ಬೇರೆ ಕತೆ. 1999ರಲ್ಲಿ ಶುರುವಾದ ನೆಡುಂಬಾಶ್ಶೇರಿ ವಿಮಾನ ನಿಲ್ದಾಣ ಎರ್ನಾಕುಲಕ್ಕೆ ದೂರ. ಆಲುವಾ–ಅಂಗಮಾಲಿ ರೈಲು ಹಳಿ ಅದರ ಮಗ್ಗುಲಲ್ಲೇ ಹಾದುಹೋಗುತ್ತದೆ. ಕಿಟಕಿಯಿಂದ ವಿಮಾನಕ್ಕೆ ಟಾಟಾ ಮಾಡಿಕೊಂಡು ಮುಂದಿನ ಸ್ಟೇಷನ್ನಿಗೆ ಹೋಗುವುದು ಅಲ್ಲಿನ ರೂಢಿ. ಸದ್ಯ ಆಲುವಾ ಮೆಟ್ರೋದಿಂದ 2025ರಲ್ಲಿ ಬಂದ ವಿದ್ಯುತ್ ಬಸ್ಸೇ ಗತಿ, ಟಿಕೆಟ್ಟು 80 ರೂಪಾಯಿ.

ನಮ್ಮ ದೇವನಹಳ್ಳಿ ವಿಮಾನ ನಿಲ್ದಾಣದ ಬಳಿಯೂ 2021ರಲ್ಲಿ ಹಾಲ್ಟ್ ಸ್ಟೇಷನ್ ಶುರುವಾಯಿತು. ಟಿಕೆಟ್ಟು ಕಾಫಿಗಿಂತ ಅಗ್ಗ, ಆದರೆ ರೈಲಿನ ಹೊತ್ತಿಗೂ ವಿಮಾನದ ಹೊತ್ತಿಗೂ ಜಾತಕ ಕೂಡಲಿಲ್ಲ. ಕೊಚ್ಚಿಯಲ್ಲಾದರೋ ಓಡುವ ರೈಲುಗಳಿಗೇನೂ ಬರವಿಲ್ಲ. ಎರಡು ನಿಮಿಷ ನಿಲ್ಲಲು ಒಂದು ಪ್ಲಾಟ್‌ಫಾರಂ ಸಾಕು. ಸೋಫಾ ಬೇಕಾದರೆ ಭಾವನವರು ಮನೆಯಿಂದ ತರಲಿ.