ನಿರಾಕರಣ ಮೀಮಾಂಸೆ: ದೂರದ ಸರ್ವರ್ ಬೈಯುವ ಕ್ರಮದ ಕುರಿತು

ಡೇಟಾಬೇಸ್ ಸರ್ವರ್ ದೂರದಿಂದ ಸಿಗುತ್ತಿಲ್ಲವೆಂದು ಗೋಳಿಡುವವರು ಬೈಸಿಕೊಂಡದ್ದನ್ನೇ ಸೋಲೆಂದು ಎಣಿಸುತ್ತಾರೆ. ಇದು ಶುದ್ಧ ಅಶಾಸ್ತ್ರೀಯ. ಬೈಗುಳದಲ್ಲಿ ವಿವರ ಹೆಚ್ಚಿದಷ್ಟೂ ಬೈಸಿಕೊಂಡವನು ಗರ್ಭಗುಡಿಗೆ ಹತ್ತಿರವಾಗಿದ್ದಾನೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಲಿನಕ್ಸ್ ಮೇಲಿನ ಮೈಎಸ್‌ಕ್ಯೂಎಲ್ ಇದಕ್ಕೆ ಪ್ರಮಾಣ. 2003ನೇ ದೋಷದ ಕೊನೆಗೆ 110 ಎಂದಿದ್ದರೆ ಅದು ಮೌನ; ಪ್ಯಾಕೆಟ್ಟನ್ನು ಸಾಮಾನ್ಯವಾಗಿ ಯಾವುದೋ ಫೈರ್‌ವಾಲ್ ನುಂಗಿ, ತೇಗನ್ನೂ ಬಿಡದೆ ಕೂತಿರುತ್ತದೆ. 111 ಎಂದಿದ್ದರೆ ಸಂಭ್ರಮಿಸಬೇಕು. ಯಾರೋ ಒಬ್ಬರು ಬಾಯಿಬಿಟ್ಟು ‘ಆಗೋದಿಲ್ಲ’ ಅಂದರು! ಉಬುಂಟುವಿನಲ್ಲಿ ಸ್ಥಾಪಿಸಿದ ಸರ್ವರ್ ಮೊದಲಿಗೆ 127.0.0.1 ಎಂಬ ವಿಳಾಸಕ್ಕೆ ಮಾತ್ರ ಕಿವಿಗೊಡುತ್ತದೆ, ಅಂದರೆ ತನ್ನೊಡನೆ ತಾನೇ ಮಾತಾಡುವ ವ್ರತ ಹಿಡಿದಿರುತ್ತದೆ. 3306ನೇ ಪೋರ್ಟಿಗೆ ಹೊರಗಿನಿಂದ ಬಂದವರನ್ನು ಯಂತ್ರವೇ ವಾಪಸು ಕಳಿಸುತ್ತದೆ. 1130 ಬಂತೆಂದರೆ ಸರ್ವರ್ ಖುದ್ದಾಗಿ ನಿಮ್ಮ ವಿಳಾಸ ಓದಿ ಹೇಳಿ, ಅಲ್ಲಿಯವರಿಗೆ ಪ್ರವೇಶವಿಲ್ಲ ಎಂದಿದೆ. 1045 ಇನ್ನೂ ಮೇಲಿನ ಮೆಟ್ಟಿಲು: ಬಳಕೆದಾರನ ಹೆಸರು, ಬಂದ ಕಡೆ, ಪಾಸ್‌ವರ್ಡ್ ತಂದಿದ್ದನೋ ಇಲ್ಲವೋ ಎಲ್ಲವನ್ನೂ ದಾಖಲಿಸಿ ಹೊರದಬ್ಬುತ್ತದೆ. ಇಷ್ಟು ವಿವರವಾದ ಅವಮಾನ ಅಪರಿಚಿತರಿಗೆ ದಕ್ಕುವಂಥದ್ದಲ್ಲ.

ಪೂರ್ವಪಕ್ಷಿಗಳು ಸುಮ್ಮನಿರುವವರಲ್ಲ. ‘ಪಿಂಗ್ ಹೋಗುತ್ತಿದೆಯಲ್ಲ?’ ಎನ್ನುತ್ತಾರೆ. ಪಿಂಗ್‌ಗೆ ಪೋರ್ಟೆಂಬುದೇ ಇಲ್ಲ; ಆ ಸಾಕ್ಷಿ ಅಷ್ಟಕ್ಕೇ ಬಿತ್ತು. ‘ಸರ್ವರ್ ಮುಂದೆಯೇ ಕೂತರೆ ಅದೇ ಹೆಸರು, ಅದೇ ಪಾಸ್‌ವರ್ಡ್ ನಡೆಯುತ್ತದಲ್ಲ?’ ಎಂಬ ಆಕ್ಷೇಪ ತುಸು ತೂಕದ್ದು. ಆದರೆ ಮೈಎಸ್‌ಕ್ಯೂಎಲ್ ದರ್ಶನದಲ್ಲಿ ಹೆಸರೂ ಬಂದ ಸ್ಥಳವೂ ಕೂಡಿದರೇ ಒಬ್ಬ ವ್ಯಕ್ತಿ. ಲೋಕಲ್‌ಹೋಸ್ಟ್‌ನ ರೂಟ್ ಬೇರೆ, ಶೇಕಡಾ ಚಿಹ್ನೆಯ, ಅಂದರೆ ಎಲ್ಲಿಂದಲಾದರೂ ಬರುವ, ರೂಟ್ ಬೇರೆ; ಒಬ್ಬನಿಗೆ ಕೊಟ್ಟ ಹಕ್ಕು ಇನ್ನೊಬ್ಬನಿಗೆ ಸಲ್ಲದು. ಮೇಲಾಗಿ ಲೋಕಲ್‌ಹೋಸ್ಟ್ ಎಂದವನು ಸಾಮಾನ್ಯವಾಗಿ ನೆಟ್‌ವರ್ಕ್ ತುಳಿಯುವುದೇ ಇಲ್ಲ, ಸಾಕೆಟ್ ಫೈಲಿನ ಹಿತ್ತಲ ಬಾಗಿಲಿನಿಂದ ನುಸುಳುತ್ತಾನೆ. ಫೈರ್‌ವಾಲೂ 111 ಹೇಳಿಸಬಲ್ಲದು ಎಂಬ ವಾದವನ್ನು ಒಪ್ಪಿದ್ದೇವೆ. ಆಗ ಬೈದವರು ಯಾರೆಂದು ತಿಳಿಯಲು ಸರ್ವರಿನೊಳಗೇ ಕೂತು ಯಾವ ಪೋರ್ಟು ಯಾವ ವಿಳಾಸಕ್ಕೆ ತೆರೆದಿದೆಯೆಂದು ನೋಡತಕ್ಕದ್ದು.

ಉಳಿದದ್ದು ‘ಫೈರ್‌ವಾಲೇ ತೆಗೆದುಬಿಡಿ’ ಎಂಬ ಚಾರ್ವಾಕರು. ಜನವರಿ 2003ರಲ್ಲಿ ಸ್ಲ್ಯಾಮರ್ ಎಂಬ 376 ಬೈಟಿನ ಹುಳು ಯುಡಿಪಿ 1434ನೇ ಪೋರ್ಟಿನ ಮೂಲಕ ಜಗತ್ತಿನ ಹತ್ತಾರು ಸಾವಿರ ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ವ್ಯವಸ್ಥೆಗಳನ್ನು ಹೊಕ್ಕಿತು. ಅದು ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ತೇಪೆ ಕೊಟ್ಟು ಆರು ತಿಂಗಳಾಗಿತ್ತು. ಅವು ದೂರ ಸಂಪರ್ಕದ ತೊಂದರೆಯೇ ಇಲ್ಲದ ಸರ್ವರ್‌ಗಳು. (2003ನೇ ದೋಷಕ್ಕೂ ಆ ಇಸವಿಗೂ ನಂಟು ಕಲ್ಪಿಸುವ ಆಸೆಯನ್ನು ವಿದ್ವತ್ತಿನ ಮರ್ಯಾದೆಗಾಗಿ ಹತ್ತಿಕ್ಕಲಾಗಿದೆ.)

ನಮ್ಮ ಸಿದ್ಧಾಂತಕ್ಕೆ ಒಗ್ಗದ ಸಂಗತಿ ಒಂದೇ. ಸಂಪರ್ಕ ಕೂಡಿಬಂದ ಮೇಲೆ, ಮೂಲ ಸೆಟ್ಟಿಂಗ್ ಬದಲಿಸದಿದ್ದರೆ, 28800 ಸೆಕೆಂಡು, ಅಂದರೆ ಎಂಟು ಗಂಟೆ ಏನೂ ಕೇಳದೆ ಕೂತರೆ ಮೈಎಸ್‌ಕ್ಯೂಎಲ್ ತಾನಾಗಿಯೇ ನಂಟು ಕಡಿದುಕೊಳ್ಳುತ್ತದೆ. ಆಮೇಲೆ ಪ್ರಶ್ನೆ ಹಾಕಿದವನಿಗೆ ಹಳೆಯ ಆವೃತ್ತಿಗಳಲ್ಲಿ ಸಿಗುತ್ತಿದ್ದ 2006ನೇ ದೋಷದಲ್ಲಿ ಬೈಗುಳವಿರಲಿಲ್ಲ, ಸರ್ವರ್ ಹೊರಟುಹೋಗಿದೆ ಎಂಬ ವರ್ತಮಾನವಷ್ಟೇ ಇರುತ್ತಿತ್ತು; ಅದನ್ನು ಹೇಳುತ್ತಿದ್ದುದೂ ಸರ್ವರ್ ಅಲ್ಲ, ಇತ್ತ ಕಡೆಯ ಕ್ಲೈಂಟ್.