ಐವತ್ತೆಂಟರ ಗ್ರೇಡಪ್ಪ

ಗ್ರೇಡಪ್ಪನವರ ನಿಜವಾದ ಹೆಸರು ಅವರ ರೇಷನ್ ಕಾರ್ಡಿನಲ್ಲಿದೆ. ಹೊಸಪೇಟೆಯಲ್ಲಿ ಅದನ್ನು ಬಳಸುವವರು ಯಾರೂ ಉಳಿದಿಲ್ಲ. ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಮದುವೆಮನೆಯಲ್ಲಿ ಹೋಳಿಗೆ ಎಲೆಗೆ ಬಿದ್ದ ಕೂಡಲೇ ಅದರ ಅಂಚು ಎತ್ತಿ ನೋಡಿ ಅಂಕ ಹಾಕುವವರು. ಕಂಡಕ್ಟರ್ ಚಿಲ್ಲರೆ ಕೊಟ್ಟ ಐವತ್ತರ ಹೊಸ ನೋಟನ್ನು ತಿರುಗಿಸಿ, ಹಿಂಬದಿಯ ಹಂಪಿ ಕಲ್ಲಿನ ರಥದ ಮೇಲೆ ಮಡಿಕೆ ಬಿದ್ದಿದೆಯೆಂದು ವಾಪಸು ಚಾಚುವವರು. "ರಥ ನಮ್ಮೂರಿಂದು ನೋಡಪ್ಪ, ಗಾಲಿ ಮೇಲೇ ಮಡಿಕಿ ಐತಿ, ಬೇರೆ ಕೊಡು" ಎಂದು ಅವರು ಶುರುಮಾಡಿದರೆ ಕಂಪ್ಲಿ ಬಸ್ಸಿನ ಕಂಡಕ್ಟರುಗಳು ವಾದಕ್ಕೆ ನಿಲ್ಲುವುದಿಲ್ಲ, ಐದು ಹತ್ತರ ನೋಟು ಎಣಿಸಿ ಕೊಟ್ಟು ಮುಂದಕ್ಕೆ ಹೋಗುತ್ತಾರೆ.

ಈ ಚಟ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ, ಸಂಬಳದಿಂದ ಬಂದದ್ದು. ಸಂಡೂರು ಕಡೆಯ ಗಣಿ ಕಂಪನಿಯೊಂದರ ಲ್ಯಾಬಿನಲ್ಲಿ ಅದಿರಿನ ಸ್ಯಾಂಪಲ್ ಕುಟ್ಟಿ, ಪುಡಿ ಮಾಡಿ, ಕಬ್ಬಿಣದ ಅಂಶ ನೂರಕ್ಕೆ ಇಷ್ಟು ಎಂದು ಬರೆದುಕೊಡುವುದು ಅವರ ಕೆಲಸವಾಗಿತ್ತು. ಚೀನಾಕ್ಕೆ ಎಷ್ಟು ಮಣ್ಣು ಕಳಿಸಿದರೂ ಸಾಲದ ಆ ವರ್ಷಗಳಲ್ಲಿ ನಮ್ಮೂರಿನಲ್ಲಿ ಹೂ ಕಟ್ಟುವವರಿಗೂ 63 ಎಂದರೇನು, 65 ಎಂದರೇನು ಎಂಬುದು ಗೊತ್ತಿತ್ತು. ಒಂದು ಪಾಯಿಂಟ್ ಮೇಲಾದರೆ ರೇಟೇ ಬೇರೆ. ಹೊಲ ಸಮ ಮಾಡಿ ಅದಿರು ಸುರಿಸಿಕೊಂಡವರು, ಸಾಲ ಎತ್ತಿ ಟಿಪ್ಪರ್ ಇಳಿಸಿದವರು, ಎಲ್ಲರೂ ಆ ಒಂದು ಪಾಯಿಂಟಿನ ಮೇಲೆ ಬದುಕು ಕಟ್ಟಿದ್ದರು. 2010ರಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೇ ತಡೆ ಹಾಕಿತು. ಲ್ಯಾಬಿಗೆ ಬೀಗ ಬಿತ್ತು, ಗ್ರೇಡಪ್ಪನವರ ಕಣ್ಣಿಗೆ ಬೀಳಲಿಲ್ಲ. ಅಳೆಯಲು ಏನೂ ಸಿಗದೆ ಒದ್ದಾಡುತ್ತಿದ್ದ ಆ ಕಣ್ಣು ನಾಣ್ಯಗಳ ಮೇಲೆ ಹೋಗಿ ನೆಟ್ಟಿತು.

ಈಗ ಅವರ ಸರ್ವಸ್ವವೆಂದರೆ 1911ರ ಒಂದು ರೂಪಾಯಿ. ಬೆಂಗಳೂರಿನ ನಾಣ್ಯ ಪ್ರದರ್ಶನವೊಂದರಲ್ಲಿ ಕೊಂಡದ್ದು. ಐದನೇ ಜಾರ್ಜ್ ದೊರೆ ಪಟ್ಟಕ್ಕೆ ಬಂದ ಮೇಲೆ ಅಚ್ಚಾದ ಮೊದಲ ರೂಪಾಯಿ ಅದು. ದೊರೆಯ ನಿಲುವಂಗಿಯ ಮೇಲೆ ಆನೆಯ ಚಿತ್ರವಿರುವ ಒಂದು ಬಿರುದಿನ ಸರ ಇದೆ. ಅಚ್ಚು ಕೆತ್ತಿದವರು ಆನೆಗೆ ಸೊಂಡಿಲನ್ನೂ ಕಾಲನ್ನೂ ಎಷ್ಟು ಗಿಡ್ಡ ಮಾಡಿದ್ದರೆಂದರೆ ಜನಕ್ಕೆ ಅದು ಹಂದಿಯಾಗಿ ಕಂಡಿತು. ಮುಸಲ್ಮಾನರು ಮುಟ್ಟಲು ಒಲ್ಲೆ ಎಂದರು, ಗದ್ದಲವೆದ್ದಿತು. ಸುಮಾರು 94 ಲಕ್ಷ ಅಚ್ಚಾಗಿದ್ದರಲ್ಲಿ 7 ಲಕ್ಷದಷ್ಟು ಮಾತ್ರ ಹೊರಬಿದ್ದಿತ್ತು. ಉಳಿದದ್ದನ್ನು ಕರಗಿಸಿ, 1912ರಲ್ಲಿ ಆನೆಗೆ ಆನೆಯಂಥ ಸೊಂಡಿಲು ಕೊಟ್ಟು ಹೊಸದಾಗಿ ಅಚ್ಚು ಹಾಕಿದರು. ಹಳೆಯದಕ್ಕೆ ಹಂದಿ ರೂಪಾಯಿ ಎಂಬ ಹೆಸರು ನಿಂತುಹೋಯಿತು.

ಗ್ರೇಡಪ್ಪನವರು ಈ ಕಥೆಯನ್ನು ಹೇಳುವಾಗ ಕಮಲಾಪುರದ ಮ್ಯೂಸಿಯಮ್ಮಿನವರೆಗೆ ಹೋಗಿಬರುತ್ತಾರೆ. ಅಲ್ಲಿ ವಿಜಯನಗರದ ನಾಣ್ಯಗಳಿವೆಯಷ್ಟೆ. "ನಮ್ಮ ರಾಯರ ಲಾಂಛನವೇ ಹಂದಿ. ಹಣಕ್ಕೆ ಇಟ್ಟ ಹೆಸರು ವರಾಹ. ಆದ್ರೆ ವರಾಹ ತಿರುವಿ ನೋಡ್ರಿ, ಹನುಮಂತ ಐತಿ, ಬಾಲಕೃಷ್ಣ ಐತಿ, ಉಮಾಮಹೇಶ್ವರ ಐತಿ, ಅಚ್ಯುತರಾಯನದರಾಗ ಗಂಡಭೇರುಂಡ ಐತಿ. ಹಂದಿ ಒಂದಿಲ್ಲ! ಹಂದಿ ಇರಬೇಕಾದಲ್ಲಿ ಹಂದಿ ಇಲ್ಲ, ಆನಿ ಇರಬೇಕಾದಲ್ಲಿ ಹಂದಿ ಬಂದೈತಿ" ಎಂದು ಹೇಳಿ ತಾವೇ ಮೊದಲು ನಗುತ್ತಾರೆ. ಕೃಷ್ಣದೇವರಾಯ ಉದಯಗಿರಿ ಗೆದ್ದು ಬಾಲಕೃಷ್ಣನ ಮೂರ್ತಿ ತಂದು 1515ರಲ್ಲಿ ಹಂಪಿಯಲ್ಲಿ ಕೃಷ್ಣ ದೇವಸ್ಥಾನ ಕಟ್ಟಿಸಿದ್ದು, ಆ ಕೃಷ್ಣನನ್ನೇ ಚಿನ್ನದ ಮೇಲೆ ಕೂರಿಸಿದ್ದು, ಎಲ್ಲವೂ ಅವರ ಬಾಯಲ್ಲಿದೆ. ಕೇಳುವವರು ಸಿಕ್ಕರೆ ಅರ್ಧ ವರಾಹದ ತೂಕವನ್ನೂ ಹೇಳುತ್ತಾರೆ. ಸಿಗುವುದು ಅಪರೂಪ.

ವಿಷಯವೇನೆಂದರೆ, ಅವರ ಹಂದಿ ರೂಪಾಯಿ ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಭದ್ರವಾಗಿ ಕೂತಿದೆ. ಡಬ್ಬಿಯ ನೆತ್ತಿಯ ಮೇಲೆ ಬಾರ್‌ಕೋಡು, ಪಕ್ಕದಲ್ಲಿ ಅಂಕ: 58.

ಅಮೆರಿಕದಲ್ಲಿ ನಾಣ್ಯಗಳಿಗೆ ಅಂಕ ಹಾಕಿ ಡಬ್ಬಿಯಲ್ಲಿ ಮುಚ್ಚಿಕೊಡುವ ಎರಡು ದೊಡ್ಡ ಕಂಪನಿಗಳಿವೆ. ಪಿಸಿಜಿಎಸ್ 1986ರಲ್ಲಿ ಶುರುವಾಯಿತು, ಎನ್‌ಜಿಸಿ 1987ರಲ್ಲಿ. ಒಂದರಿಂದ ಎಪ್ಪತ್ತರವರೆಗೆ ಅಂಕ. ಅರವತ್ತು ಮತ್ತು ಮೇಲಿನದಾದರೆ ನಾಣ್ಯ ಯಾರ ಜೇಬಿಗೂ ಇಳಿಯದೆ ಉಳಿದದ್ದು ಎಂದರ್ಥ. 58 ಎಂದರೆ ಒಂದೆರಡು ಕೈ ಮಾತ್ರ ಮುಟ್ಟಿದ್ದು, ಉಬ್ಬಿದ ಕಡೆ ಚೂರು ಸವೆದಿದ್ದು. ನಡುವೆ 59 ಎಂಬ ಅಂಕವೇ ಇಲ್ಲ. ಐವತ್ತೆಂಟರಲ್ಲಿ ನಿಂತವನು ಅರವತ್ತಕ್ಕೇ ಹಾರಬೇಕು. ಗ್ರೇಡಪ್ಪನವರಿಗೆ ನಿದ್ದೆಗೆಡಿಸಿರುವುದು ಈ ಇಲ್ಲದ ಮೆಟ್ಟಿಲು. ಅಂಕ ಹಾಕುವವರೂ ಮನುಷ್ಯರೇ ಆದ್ದರಿಂದ ಇವತ್ತು 58 ಎಂದವರು ನಾಳೆ ಅದೇ ನಾಣ್ಯವನ್ನು 61 ಎನ್ನುವುದುಂಟು. ಹಾಗೆಂದು ಡಬ್ಬಿ ಒಡೆದು, ನಾಣ್ಯವನ್ನು ಬರಿಮೈಯಲ್ಲಿ ಮತ್ತೆ ಕಳಿಸಿ ಅದೃಷ್ಟ ನೋಡುವುದು ಈ ಹವ್ಯಾಸದವರ ಹಳೆಯ ಜೂಜು. ಏರಿದರೆ ಬೆಲೆ ಏರುತ್ತದೆ. ಇಳಿದು 55 ಆದರೆ ಡಬ್ಬಿಯೂ ಹೋಯಿತು, 58ರ ಚೀಟಿಯೂ ಹೋಯಿತು. ಇನ್ನೂ ಕೆಟ್ಟದ್ದೆಂದರೆ, ಯಾವುದೋ ಕಾಲದಲ್ಲಿ ಯಾರೋ ತಿಕ್ಕಿ ತೊಳೆದಿದ್ದಾರೆಂದು ಅನುಮಾನ ಬಂದರೆ ಅಂಕವನ್ನೇ ಕೊಡದೆ, ತೊಳೆದದ್ದು ಎಂದು ಹಣೆಗೆ ಬರೆದು ಕಳಿಸುತ್ತಾರೆ.

ಎಪ್ಪತ್ತರ ಈ ಲೆಕ್ಕವನ್ನು ಹುಟ್ಟಿಸಿದವರ ಕಥೆ ಗ್ರೇಡಪ್ಪನವರಿಗೆ ಬಲು ಪ್ರೀತಿ. ವಿಲಿಯಂ ಶೆಲ್ಡನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು 1949ರಲ್ಲಿ ತಮ್ಮ ದೇಶದ ಹಳೆಯ ತಾಮ್ರದ ಸೆಂಟುಗಳಿಗೆಂದು ಮಾಡಿದ ಲೆಕ್ಕ ಅದು. ತೀರಾ ಸವೆದ ಸೆಂಟಿಗೆ ಒಂದು ಡಾಲರ್ ಆದರೆ ಏನೂ ಕುಂದಿಲ್ಲದ್ದಕ್ಕೆ ಎಪ್ಪತ್ತು. ಈ ಮಹಾಶಯರು ಮನುಷ್ಯರ ಮೈಕಟ್ಟಿಗೂ ಅಂಕ ಹಾಕುತ್ತಿದ್ದರು. ದಪ್ಪನವರು, ಗಟ್ಟಿಯವರು, ತೆಳ್ಳನವರು ಎಂದು ಮೂರು ಬಗೆ ಮಾಡಿ ಅವರವರ ಸ್ವಭಾವವನ್ನೂ ಹೇಳುತ್ತಿದ್ದರು. ಅವರು ತೀರಿಕೊಂಡದ್ದು 1977ರಲ್ಲಿ. ಆಮೇಲೆ ಹೊರಬಿದ್ದ ಸಂಗತಿಯೆಂದರೆ, ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ಒಳ್ಳೊಳ್ಳೆಯ ಸೆಂಟುಗಳನ್ನು ಎತ್ತಿಕೊಂಡು, ಆ ಜಾಗದಲ್ಲಿ ತಮ್ಮ ಕಡಿಮೆ ದರ್ಜೆಯವನ್ನು ಇಟ್ಟು ಬಂದಿದ್ದರು. ಗ್ರೇಡು ಏರಿಸಲು ಇದಕ್ಕಿಂತ ಖಾತ್ರಿಯಾದ ದಾರಿ ಇವತ್ತಿಗೂ ಯಾರಿಗೂ ಹೊಳೆದಿಲ್ಲ. "ನೋಡ್ರಿ, ಲೆಕ್ಕ ಮಾಡಿದಾತನಿಗೇ ತನ್ನ ಲೆಕ್ಕದ ಮ್ಯಾಲೆ ನಂಬಿಕಿ ಇರ್ಲಿಲ್ಲ" ಎನ್ನುತ್ತಾರೆ ಗ್ರೇಡಪ್ಪ. ಹಾಗೆನ್ನುವಾಗ ಅವರ ದನಿಯಲ್ಲಿ ಖಂಡನೆಗಿಂತ ಮೆಚ್ಚುಗೆ ಜಾಸ್ತಿ ಎಂಬುದು ನನ್ನ ಗುಮಾನಿ.

ಸಂಜೆ ವಿದ್ಯುತ್ ಇದ್ದರೆ ಪರೀಕ್ಷೆ ನಡೆಯುತ್ತದೆ. ಕಿಟಕಿ ಮುಚ್ಚಿ, ಟೇಬಲ್ ಲ್ಯಾಂಪ್ ಒಂದನ್ನೇ ಹಚ್ಚಿ, ಡಬ್ಬಿಯನ್ನು ಎರಡು ಬೆರಳ ನಡುವೆ ಹಿಡಿದು ನಿಧಾನ ವಾಲಿಸುತ್ತಾರೆ. ಬೆಳಕು ನಾಣ್ಯದ ಅಂಚಿನಿಂದ ಹೊರಟು ಗಾಲಿಯ ಅರಗಳ ಹಾಗೆ ಸುತ್ತುತ್ತಾ ಬರುತ್ತದೆ. ದೊರೆಯ ಗಡ್ಡ ದಾಟಿ ಕೆನ್ನೆಗೆ ಬಂದಾಗ ಒಂದು ಕ್ಷಣ ಮಂಕಾಗಿ, ಮತ್ತೆ ಕಿರೀಟದ ಕಡೆ ಹೊಳೆಯುತ್ತದೆ. ಆ ಮಂಕು ಸವೆತವೋ, ಅಚ್ಚು ಬೀಳುವಾಗಲೇ ಒತ್ತು ಸಾಲದೆ ಆದದ್ದೋ? ಸವೆತವಾದರೆ 58 ಸರಿ. ಒತ್ತು ಸಾಲದ್ದಾದರೆ 62 ಬರಬೇಕು. ಈ ಪ್ರಶ್ನೆಗೆ ಅವರು ಲೆನ್ಸಿನಲ್ಲಿ ನೋಡಿದಾಗ ಒಂದು ಉತ್ತರ ಸಿಗುತ್ತದೆ, ಲೆನ್ಸ್ ಇಲ್ಲದೆ ನೋಡಿದಾಗ ಇನ್ನೊಂದು.

ಆಮೇಲೆ ಗಣಿ ಕಾಲದ ಹಳೆಯ ಟ್ರಿಪ್ ಶೀಟಿನ ಬೆನ್ನ ಮೇಲೆ ಲೆಕ್ಕ. 62 ಬರುವ ಸಾಧ್ಯತೆ ಇಷ್ಟು, 61 ಇಷ್ಟು, ಅಲ್ಲೇ ಉಳಿಯುವುದು ಇಷ್ಟು, ಇಳಿಯುವುದು ಇಷ್ಟು. ಫೀಸು, ಕೊರಿಯರು, ವಿಮೆ ಕಳೆದು ಕೂಡಿಸಿದರೆ ನಷ್ಟ. ನಷ್ಟ ಬಂದ ದಿನ ಮತ್ತೊಮ್ಮೆ ಲ್ಯಾಂಪ್ ಹಚ್ಚಿ ಕೆನ್ನೆ ನೋಡುತ್ತಾರೆ. ಮಂಕು ಈಗ ಸ್ವಲ್ಪ ಕಡಿಮೆ ಕಾಣುತ್ತದೆ. 62ರ ಸಾಧ್ಯತೆಗೆ ಹತ್ತು ಪರ್ಸೆಂಟ್ ಸೇರಿಸುತ್ತಾರೆ. ಲಾಭ ಬರುತ್ತದೆ. ಲಾಭ ಬಂದ ಕೂಡಲೇ ಭಯವಾಗುತ್ತದೆ.

ಸಲಹೆಗಾರರಿಗೇನೂ ಕೊರತೆಯಿಲ್ಲ. ಸಂಡೂರಿನ ಟಿಪ್ಪರ್ ಗೆಳೆಯರೊಬ್ಬರಿಗೆ ಫೋನ್ ಮಾಡಿ ಅಂಕ ಹೇಳಿದರು. "ಐವತ್ತೆಂಟಾ? ಭಾಳ ಬಡ ಅದಿರು ಬಿಡೋ ಮಾರಾಯ" ಎಂದರು ಅವರು. ಸ್ವಲ್ಪ ಯೋಚಿಸಿ, "ಆದ್ರೂ ಆಗ ಚೀನಾದೋರು ಅದನ್ನೂ ತಗೊಂಡು ಹೋಗ್ತಿದ್ರು" ಎಂದು ಸಮಾಧಾನವನ್ನೂ ಸೇರಿಸಿದರು. ಪತ್ತಾರರ ಅಂಗಡಿಗೆ ಒಯ್ದರೆ ಅವರು ಕೇಳಿದ್ದು ಡಬ್ಬಿ ಯಾವಾಗ ತೆಗೀತೀರಿ ಎಂದು. ತಕ್ಕಡಿಗೆ ಪ್ಲಾಸ್ಟಿಕ್ಕಿನ ತೂಕ ಬೇಕಿರಲಿಲ್ಲ. ರಾಯರ ಕಾಲದ ಚಿನಿವಾರರೂ ಇವರ ಕಡೆಯವರೇ ಆಗಿರಬೇಕು: ಒರೆಗಲ್ಲಿಗೆ ಒಂದು ಗೆರೆ, ತಕ್ಕಡಿಗೆ ಒಂದು ತೂಕ, ಮುಗಿಯಿತು. ಬಾಲಕೃಷ್ಣನ ಕೆನ್ನೆ ಸವೆದಿದೆಯೆಂದು ವರಾಹದ ಬೆಲೆಯಲ್ಲಿ ಚೌಕಾಸಿ ಮಾಡಿದವರು ಹಂಪಿ ಬಜಾರಿನಲ್ಲಿ ಯಾರೂ ಇದ್ದಿರಲಾರರು. 1911ರ ರೂಪಾಯಿ ಹನ್ನೊಂದೂವರೆ ಗ್ರಾಂ ಚಿಲ್ಲರೆ ತೂಗುತ್ತದೆ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಪತ್ತಾರರು ಮನಸ್ಸಿನಲ್ಲೇ ಗುಣಿಸಿ ಒಂದು ಮೊತ್ತ ಹೇಳಿದರು. ಗ್ರೇಡಪ್ಪ ಆ ಅಂಗಡಿಯ ಕಡೆ ಮತ್ತೆ ತಲೆಹಾಕಿಲ್ಲ.

ಎಲ್ಲರಿಗಿಂತ ದೊಡ್ಡ ಅಪಾಯ ಮನೆಯೊಳಗೇ ಇದೆ. ಅವರ ಮನೆಯಾಕೆ ದೀಪಾವಳಿಯ ಲಕ್ಷ್ಮಿ ಪೂಜೆಗೆ ಮನೆಯ ಬೆಳ್ಳಿ ರೂಪಾಯಿಗಳನ್ನೆಲ್ಲ ಹುಣಸೆಹಣ್ಣಿನಲ್ಲಿ ನೆನೆಸಿ, ವಿಭೂತಿ ಹಾಕಿ ತಿಕ್ಕಿ, ಫಳಫಳ ಮಾಡಿ ಕಲಶದ ಮುಂದೆ ಇಡುವವರು. ಅತ್ತೆಯಿಂದ ಬಂದ ವಿಕ್ಟೋರಿಯಾ ರೂಪಾಯಿಗಳು ವರ್ಷವರ್ಷ ಹೀಗೆ ತಿಕ್ಕಿಸಿಕೊಂಡು ಈಗ ರಾಣಿಗೆ ಮೂಗಿಲ್ಲ. "ಅಲ್ರೀ, ಲಕ್ಷ್ಮಿ ಕಪ್ಪಗೆ ಕೂತಿದ್ರೆ ಮನೆಗೆ ಬರ್ತಾಳೇನ್ರೀ?" ಎಂಬುದು ಅವರ ವಾದ. ಹಂದಿ ರೂಪಾಯಿಯ ಮೇಲೆ ಕಾಲ ಬರೆದ ನೀಲಿಕಂದು ಛಾಯೆ ಅವರ ಕಣ್ಣಿಗೆ ಕಿಲುಬು. ಗ್ರೇಡಪ್ಪನವರ ಕಣ್ಣಿಗೆ ಅದೇ ಆಭರಣ. ಡಬ್ಬಿ ಒಡೆಯುವ ಮಾತು ಬಂದಾಗಲೆಲ್ಲ ಆಕೆ ಉತ್ಸಾಹದಿಂದ ಬೆಂಬಲಿಸುವುದನ್ನು ಕಂಡೇ ಅವರು ಎಷ್ಟೋ ಸಲ ಹಿಂಜರಿದದ್ದು.

ಕೊನೆಗೊಮ್ಮೆ ಧೈರ್ಯ ಮಾಡಿದರು. ಇಕ್ಕಳ, ಹತ್ತಿ, ಹಳೆಯ ಪಂಚೆ ಎಲ್ಲ ಮೇಜಿನ ಮೇಲೆ ಬಂತು. ಅಷ್ಟರಲ್ಲಿ ಕಾನೂನು ಅಡ್ಡ ಬಂತು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯವೂ ಪುರಾವಸ್ತುವೇ, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. 1911ಕ್ಕೆ ನೂರು ಕೂಡಿಸಿದರೆ 2011. ಲ್ಯಾಬಿಗೆ ಬೀಗ ಬಿದ್ದ ವರ್ಷವೇ ರೂಪಾಯಿಯೂ ಹಂಪಿಯ ಕಂಬಗಳ ಸಾಲಿಗೆ ಸೇರಿತ್ತು. ಅದಿರಿನ ರಫ್ತೂ ಬಂದ್, ಹಂದಿಯ ರಫ್ತೂ ಬಂದ್. "ನನ್ನ ಕೈಗೆ ಬಂದಿದ್ದೆಲ್ಲ ಬಂದರು ಮುಟ್ಟೋದೇ ಇಲ್ಲ ನೋಡ್ರಿ" ಎಂದು ನಿಟ್ಟುಸಿರು ಬಿಟ್ಟರೂ ಅವರ ಮುಖದಲ್ಲಿ ನೆಮ್ಮದಿ ಎದ್ದು ಕಾಣುತ್ತಿತ್ತು. ಇಕ್ಕಳ ಒಳಗೆ ಹೋಯಿತು.

ಆ ನೆಮ್ಮದಿ ಹೆಚ್ಚು ದಿನ ಬಾಳಲಿಲ್ಲ. ನಮ್ಮ ದೇಶದಲ್ಲೇ ಅಂಕ ಹಾಕಿಕೊಡುವವರಿದ್ದಾರೆಂದು ಯಾರೋ ಕಿವಿಗೆ ಹಾಕಿದರು. ಸರಿ, ಹಂಪಿ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಆಯಿತು. ಡಬ್ಬಿಯನ್ನು ಹತ್ತಿಯಲ್ಲಿ ಸುತ್ತಿ, ಬನಿಯನ್ನಿನ ಒಳಜೇಬಿಗೆ ಹಾಕಿ, ಮೇಲೆ ಪಿನ್ನು ಚುಚ್ಚಿಕೊಂಡು ರಾತ್ರಿಯ ರೈಲು ಹತ್ತಿದರು. ಈ ಸಲ ಗ್ಯಾರಂಟಿ ಎಂದು ಓಣಿಯವರೆಲ್ಲ ಅಂದುಕೊಂಡೆವು.

ಬೆಂಗಳೂರಿನಿಂದ ಬಂದ ಸಂಜೆ ನನ್ನನ್ನು ಕರೆಸಿದರು. ಮೇಜಿನ ಮೇಲೆ ಡಬ್ಬಿಗಳು ಎರಡಿದ್ದವು. ಹಳೆಯ 58 ಹೋದಂತೆಯೇ ವಾಪಸು ಬಂದಿತ್ತು. ಪಕ್ಕದಲ್ಲಿ ಇನ್ನೊಂದು ಹಂದಿ ರೂಪಾಯಿ, 62ರದು. "ಹೋಲಿಸಿ ನೋಡೋಕೆ ಒಂದು ಬೇಕಲ್ರೀ, ಅದಕ್ಕೇ ತಂದೆ" ಎಂದರು. ಕಳಿಸುವ ದುಡ್ಡು, ಮಗಳು ಫ್ರಿಜ್ಜಿಗೆಂದು ಕೊಟ್ಟ ದುಡ್ಡು ಎಲ್ಲ ಅದಕ್ಕೆ ಹೋಗಿತ್ತು. ಒಳಗಿನಿಂದ ಪಾತ್ರೆಗಳ ಸದ್ದು ವಾಡಿಕೆಗಿಂತ ಜೋರಾಗಿ ಬರುತ್ತಿತ್ತು.

ಅಂಕಗಳ ಮೇಲೆ ಬೆರಳಿಟ್ಟು ಮುಚ್ಚಿ, "ಈಗ ಹೇಳ್ರಿ, ಯಾವುದು ಚಲೋ?" ಎಂದರು. 62ರದು ಯಾರ ಜೇಬಿಗೂ ಇಳಿದಿರಲಿಲ್ಲ ನಿಜ, ಆದರೆ ಟಂಕಸಾಲೆಯ ಚೀಲದಲ್ಲಿ ಒಂದಕ್ಕೊಂದು ತಾಗಿ ದೊರೆಯ ಮುಖದ ತುಂಬ ಗೀರು. ಇವರದು ತಿಳಿನೀಲಿಯಲ್ಲಿ ಸುಮ್ಮನೆ ಹೊಳೆಯುತ್ತಿತ್ತು. ನಾನು ಅದನ್ನೇ ತೋರಿಸಿದೆ.

ಗ್ರೇಡಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. "ನೋಡ್ದೇನೇ, ಇವ್ರೂ ಅದನ್ನೇ ಅಂದ್ರು!" ಎಂದು ಅಡುಗೆಮನೆಯ ಕಡೆ ಕೂಗಿ, ಉತ್ತರಕ್ಕೂ ಕಾಯದೆ ಸಂಡೂರಿಗೆ ಫೋನ್ ಹಚ್ಚಿದರು. ಎರಡು ನಿಮಿಷ ಆ ಕಡೆಯ ಮಾತು ಕೇಳಿಸಿಕೊಂಡರು. ಆಮೇಲೆ ಫೋನನ್ನು ಅಂಗೈಯಿಂದ ಮುಚ್ಚಿ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು: "ಹಂಗಾದ್ರ ಈ ಅರವತ್ತೆರಡನ್ನೇ ಒಡೆದು ಕಳಿಸಿದ್ರ ಅರವತ್ಮೂರು ಬರಬಹುದೇನ್ರೀ?"