ಹನ್ನೆರಡನೆಯ ಕುರ್ಚಿ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕೊಂಕಣಿ ಕ್ಯಾಥೋಲಿಕರ ಪ್ರತಿಯೊಂದು ಇಗರ್ಜಿಯೂ, ಎಂದರೆ ಚರ್ಚೂ, ತನ್ನ ಕುಟುಂಬಗಳನ್ನು ವಾಳೆಗಳೆಂಬ ಸಣ್ಣ ವಿಭಾಗಗಳಾಗಿ ಹಂಚಿಕೊಂಡಿದ್ದು, ಒಂದೊಂದು ವಾಳೆಗೂ ಒಬ್ಬ ಮುಖ್ಯಸ್ಥರಿರುತ್ತಾರೆ. ಅವರನ್ನು ಗುರಿಕಾರರೆಂದೂ, ಆಡುಮಾತಿನಲ್ಲಿ ಗುರ್ಕಾರರೆಂದೂ ಕರೆಯುತ್ತಾರೆ. ಈ ಹುದ್ದೆಗೆ ಸಂಬಳವಿಲ್ಲ, ಕಚೇರಿಯಿಲ್ಲ, ರಜೆಯಂತೂ ಇಲ್ಲವೇ ಇಲ್ಲ. ಇರುವುದು ಒಂದು ವಂತಿಗೆ ಪುಸ್ತಕ, ಒಂದು ಕೊಡೆ, ಮತ್ತು ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವುದು ಬರಿದೆ ಬೊಗಳುತ್ತದೆ ಎಂಬ ಅನುಭವಸಿದ್ಧ ಜ್ಞಾನ.

ಗುರಿಕಾರರ ಪ್ರಧಾನ ಲಕ್ಷಣ ಗೊಣಗಾಟ. ಕ್ಯಾಥೋಲಿಕ ಧರ್ಮಬೋಧೆಯು ದೇಹಕ್ಕೆ ಸಂಬಂಧಿಸಿದ ಏಳು ದಯಾಕಾರ್ಯಗಳನ್ನು ಎಣಿಸುತ್ತದೆ: ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಬಟ್ಟೆಯಿಲ್ಲದವರಿಗೆ ಬಟ್ಟೆ, ನೆಲೆಯಿಲ್ಲದವರಿಗೆ ನೆಲೆ, ರೋಗಿಗಳ ಭೇಟಿ, ಸೆರೆಯಲ್ಲಿರುವವರ ಭೇಟಿ ಮತ್ತು ಸತ್ತವರ ಸಂಸ್ಕಾರ. ಮೊದಲ ಆರು ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಿಂದ ಬಂದವು. ಏಳನೆಯದು ತೊಬೀತನ ಗ್ರಂಥದ ಪ್ರೇರಣೆಯಿಂದ ಸೇರಿದ್ದು. ಈ ಪಟ್ಟಿಯನ್ನು ಒಪ್ಪಿಸಲು ಹೇಳಿದರೆ ಗುರಿಕಾರರು ಐದಕ್ಕೇ ತಡವರಿಸುತ್ತಾರೆ. ಆದರೆ ಆಟಿ ತಿಂಗಳ ಜಡಿಮಳೆಯ ನಡುರಾತ್ರಿ ವಾಳೆಯಲ್ಲೊಬ್ಬರು ತೀರಿಕೊಂಡರೆಂಬ ಸುದ್ದಿ ಬಂದಾಗ, ಬದುಕಿದ್ದಷ್ಟು ಕಾಲ ವಂತಿಗೆಯನ್ನು ಸಮಯಕ್ಕೆ ಕೊಡದ ಮನುಷ್ಯ ಸಾಯುವುದಕ್ಕಾದರೂ ಒಳ್ಳೆಯ ಹೊತ್ತು ನೋಡಬಾರದಿತ್ತೇ ಎಂದು ಅವರು ಗೊಣಗಿ ಮುಗಿಸುವಷ್ಟರಲ್ಲಿ ಶವಪೆಟ್ಟಿಗೆಗೆ ಹೇಳಿಯಾಗಿರುತ್ತದೆ, ಗುಂಡಿ ತೋಡುವವರು ಗೊತ್ತಾಗಿರುತ್ತಾರೆ, ಸಾವಿನ ಮನೆಯ ಮಕ್ಕಳಿಗೆ ಪಕ್ಕದ ಮನೆಯಲ್ಲಿ ಗಂಜಿ ಬೇಯುತ್ತಿರುತ್ತದೆ.

ಕೆಲವು ಗುರಿಕಾರರು ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರೂ ಆಗಿರುವುದುಂಟು. ಫ್ರೆಡರಿಕ್ ಓಜಾನಾಂ ಎಂಬ ವಿದ್ಯಾರ್ಥಿಯೂ ಅವನ ಗೆಳೆಯರೂ 1833ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭಿಸಿದ ಈ ಸಂಸ್ಥೆಯ ಮುಖ್ಯ ಕ್ರಮವೆಂದರೆ ಬಡವರನ್ನು ಕರೆಸಿಕೊಳ್ಳದೆ ಅವರ ಮನೆಗೇ ಹೋಗುವುದು. ಸಭೆ ಮುಗಿಯುವಾಗ ಯಾರು ಎಷ್ಟು ಹಾಕಿದರೆಂದು ತಿಳಿಯದಂತೆ ಗುಪ್ತ ಚೀಲವೊಂದನ್ನು ಸುತ್ತಿಸುವ ಪದ್ಧತಿಯೂ ಇದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಉಪದೇಶವನ್ನು ಗುರಿಕಾರರು ಶ್ರದ್ಧೆಯಿಂದ ಪಾಲಿಸುತ್ತಾರಾದರೂ, ನಾಣ್ಯ ಬಿದ್ದ ಸದ್ದಿನಿಂದಲೇ ಕೊಟ್ಟವರ ಹೆಸರನ್ನೂ ಮೊತ್ತವನ್ನೂ ಹೇಳಬಲ್ಲ ಕಿವಿಗಳ ವಿಷಯದಲ್ಲಿ ಧರ್ಮಗ್ರಂಥ ಏನನ್ನೂ ವಿಧಿಸಿಲ್ಲವೆಂಬುದು ಅವರ ಅಭಿಪ್ರಾಯ. ಇಷ್ಟೆಲ್ಲ ದುಡಿದುದಕ್ಕೆ ಸಿಗುವ ಪ್ರತಿಫಲ ‘ದೇವ್ ಬರೆಂ ಕರುಂ’ ಎಂಬ ಕೊಂಕಣಿ ಮಾತು. ದೇವರು ಒಳ್ಳೆಯದು ಮಾಡಲಿ ಎಂಬರ್ಥದ ಈ ಕೃತಜ್ಞತೆಯು ಸಾಲವನ್ನು ನೇರವಾಗಿ ದೇವರ ಲೆಕ್ಕಕ್ಕೆ ವರ್ಗಾಯಿಸುವುದರಿಂದ, ಗುರಿಕಾರರ ಪುಸ್ತಕದಲ್ಲಿ ಬಾಕಿಯೇ ಉಳಿಯುವುದಿಲ್ಲ.

ಇಂಥವರು ಕಂಗೆಡುವುದು ವರ್ಷಕ್ಕೊಂದೇ ದಿನ. ಯೊವಾನ್ನನ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಯೇಸು ಶಿಷ್ಯರ ಕಾಲು ತೊಳೆದುದರ ನೆನಪಿಗಾಗಿ ಪವಿತ್ರ ಗುರುವಾರದ ಸಂಜೆ ವಿಗಾರರು, ಎಂದರೆ ಇಗರ್ಜಿಯ ಪ್ರಧಾನ ಗುರುಗಳು, ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಆ ಹನ್ನೆರಡು ಜನರನ್ನು ಒದಗಿಸುವ ಹೊಣೆ ಗುರಿಕಾರರ ತಲೆಗೆ ಬರುತ್ತದೆ. ಕೈ ನೀಡುವವರು ಊರೆಲ್ಲ ಇದ್ದರೂ ಕಾಲು ನೀಡುವವರು ಸಿಗುವುದಿಲ್ಲ. ಒಬ್ಬರಿಗೆ ಹಿಮ್ಮಡಿ ಒಡೆದಿರುತ್ತದೆ, ಇನ್ನೊಬ್ಬರ ಹೆಬ್ಬೆರಳಿನ ಉಗುರು ಸಭೆಗೆ ತೋರಿಸುವಂಥದ್ದಲ್ಲ. ಪುರುಷರಿಗಷ್ಟೇ ಮೀಸಲಾಗಿದ್ದ ಈ ವಿಧಿಗೆ 2016ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಸ್ತ್ರೀಯರನ್ನೂ ಸೇರಿಸಿದಾಗ ಪಟ್ಟಿ ಬೇಗ ತುಂಬೀತೆಂದು ಎಣಿಸಿದ ಗುರಿಕಾರರಿಗೆ, ನೆಪಗಳೂ ಇಮ್ಮಡಿಯಾದುದಷ್ಟೇ ಲಾಭ. ಒಪ್ಪಿಕೊಂಡವರು ಮಾತ್ರ ಗುರುಗಳಿಗೆ ತೊಳೆಯಲು ಏನೂ ಉಳಿಯದಂತೆ ಮನೆಯಲ್ಲೇ ಕಾಲನ್ನು ಸಾಬೂನು ಹಚ್ಚಿ ತಿಕ್ಕಿ ಬಂದಿರುತ್ತಾರೆ. ಸಾಮಾನ್ಯವಾಗಿ ತೊಳೆಯುವುದು ಬಲಗಾಲೊಂದನ್ನೇ ಎಂದು ತಿಳಿದಿದ್ದರೂ ಎಡಗಾಲನ್ನೂ ಬಿಟ್ಟಿರುವುದಿಲ್ಲ.

ಕಡೆಯ ಗಳಿಗೆಯಲ್ಲಿ ಒಬ್ಬರು ಬಾರದೆ ಹೋದಾಗ ಹನ್ನೆರಡನೆಯ ಕುರ್ಚಿಯಲ್ಲಿ ಗುರಿಕಾರರೇ ಕೂರಬೇಕಾಗುತ್ತದೆ. ವರ್ಷವಿಡೀ ಕಂಡವರ ಮನೆಯಂಗಳದ ಕೆಸರು ತುಳಿದ ಆ ಕಾಲು, ಗುರುಗಳು ಮಂಡಿನೋವನ್ನು ನುಂಗಿಕೊಂಡು ಎದುರಿಗೆ ಬಾಗಿದೊಡನೆ, ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ. ಶಿಷ್ಯ ಪೇತ್ರನೂ ಯೇಸುವಿನಿಂದ ಕಾಲು ತೊಳೆಸಿಕೊಳ್ಳಲು ಮೊದಲು ಒಪ್ಪಿರಲಿಲ್ಲ. ಸೇವೆ ಮಾಡುವುದಕ್ಕಿಂತ ಮಾಡಿಸಿಕೊಳ್ಳುವುದಕ್ಕೆ ಹೆಚ್ಚಿನ ದೈನ್ಯ ಬೇಕೆಂಬುದನ್ನು ಗುರಿಕಾರರು ಅಲ್ಲಿ, ಹಣೆ ಬೆವರುತ್ತ, ಕಲಿಯುತ್ತಾರೆ. ಆದರೆ ಆ ಪಾಠ ಬಾಳುವುದು ಅರೆಗಳಿಗೆ ಮಾತ್ರ. ಪರಮಪ್ರಸಾದಕ್ಕೆ ಬರುವ ಮುದುಕಿಯರು ಜಾರಿ ಬಿದ್ದಾರೆಂದು ಅವರು ಒಂದು ಒದ್ದೆ ಕಾಲಿನಲ್ಲೇ ಎದ್ದು, ಇಷ್ಟೊಂದು ನೀರು ಸುರಿಯಲು ಹೇಳಿದವರು ಯಾರೆಂದು ಗೊಣಗುತ್ತ, ಹನ್ನೆರಡು ಕುರ್ಚಿಗಳ ಕೆಳಗೂ ಗೋಣಿಬಟ್ಟೆಯಿಂದ ಒರೆಸಲು ತೊಡಗುತ್ತಾರೆ.